ಠಾಕುರ್ಲಿಯಲ್ಲಿ ನಿಂತ ಆಟ

ಅರವತ್ತೈದು ದಾಟಿದ ಮನುಷ್ಯನೊಬ್ಬ ಹಗಲಿಡೀ ಹಳೆಯ ಮದುವೆ ಕಾಗದಗಳನ್ನು ಕತ್ತರಿಸುತ್ತ ಕುಳಿತರೆ ಮನೆಯವರು ಏನೆಂದುಕೊಂಡಾರು? ನಮ್ಮ ಮನೆಯಾಕೆ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ, ‘ನಿವೃತ್ತಿಯಾದ ಮೇಲೆ ಗಂಡಸರಿಗೆ ಏನಾದರೊಂದು ಹಿಡಿಯುತ್ತದಂತೆ, ಕೆಲವರಿಗೆ ಭಜನೆ, ಕೆಲವರಿಗೆ ಶೇರು. ನಿಮಗೆ ಕತ್ತರಿ ಹಿಡಿದ ಹಾಗೆ ಕಾಣುತ್ತದೆ’ ಎಂದಳು. ನಾನು ಉತ್ತರ ಕೊಡಲಿಲ್ಲ. ಮಹತ್ಕಾರ್ಯದಲ್ಲಿ ತೊಡಗಿದವನು ಇಂಥ ಮಾತುಗಳಿಗೆ ಕಿವಿಗೊಡಬಾರದಷ್ಟೆ!

ಆ ಮಹತ್ಕಾರ್ಯವೇನೆಂದು ಮೊದಲು ಹೇಳಿಬಿಡುತ್ತೇನೆ. ಮುಂಬ್ರಾದಲ್ಲಿ ಪಾರಸಿಕ್ ಗುಡ್ಡದ ಬುಡದ ನಮ್ಮ ಕಡೆ ಕನ್ನಡದ ಮನೆಗಳು ಅಲ್ಲೊಂದು ಇಲ್ಲೊಂದು. ಕಾರ್ಕಳ ಕಡೆಯ ನಮ್ಮಂಥವರು ಕೆಲವರು, ಕಲಬುರಗಿ ವಿಜಯಪುರದ ಕಡೆಯವರು ಕೆಲವರು. ಭಾನುವಾರ ಬೆಳಿಗ್ಗೆ ಒಬ್ಬರ ಮನೆಯ ಹಾಲಿನಲ್ಲಿ ಮಕ್ಕಳಿಗೆ ಕನ್ನಡ ಪಾಠ. ಕರಿಹಲಗೆ, ಕಾಗುಣಿತ, ಕೊನೆಗೆ ಒಂದೊಂದು ಬಿಸ್ಕೀಟು. ಜೂನ್ ತಿಂಗಳಲ್ಲಿ ಹನ್ನೊಂದು ಮಕ್ಕಳಿದ್ದರು. ದೀಪಾವಳಿಯ ಹೊತ್ತಿಗೆ ನಾಲ್ಕಾದರು. ಆ ನಾಲ್ವರಲ್ಲಿ ಇಬ್ಬರು ನನ್ನ ಮೊಮ್ಮಕ್ಕಳು. ಅವರಿಗೆ ಬಾರದೆ ಗತಿಯಿರಲಿಲ್ಲ. ಇನ್ನೊಂದು ವರ್ಷ ಹೀಗೇ ನಡೆದರೆ ಪಾಠ ನಿಲ್ಲುತ್ತದೆ, ಆಮೇಲೆ ಈ ಮಕ್ಕಳಿಗೆ ಊರಿನಿಂದ ಬಂದ ಕಾಗದವನ್ನು ಓದಿ ಹೇಳುವವರೂ ಇರುವುದಿಲ್ಲ ಎಂಬ ಹೆದರಿಕೆ ನನ್ನನ್ನು ಹಿಡಿಯಿತು. ಪಾಠಕ್ಕೆ ಬಾರದ ಮಕ್ಕಳು ಆಟಕ್ಕೆ ಬಂದಾರು, ಕನ್ನಡ ಅಕ್ಷರಗಳದೇ ಒಂದು ಆಟ ಮಾಡೋಣ ಎಂದು ಹೊರಟೆ.

ಆಟ ಮಾಡುವುದೇನು ಕಷ್ಟ ಎಂದು ನನ್ನ ಭಾವನೆ. ಚಿಕ್ಕಂದಿನಲ್ಲಿ ಆಟಿ ತಿಂಗಳ ಜಡಿಮಳೆಯಲ್ಲಿ ಅಜ್ಜಿಯ ಜೊತೆ ಚೆನ್ನೆಮಣೆ ಆಡಿ ಬೆಳೆದವನು ನಾನು. ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಇಷ್ಟರಲ್ಲೇ ಮಳೆಗಾಲದ ಮಧ್ಯಾಹ್ನಗಳು ಕಳೆಯುತ್ತಿದ್ದವು. ಇದಕ್ಕಿಂತ ಹೆಚ್ಚು ವಿದ್ಯೆ ಕಲಿತ ನಾನು ಇದಕ್ಕಿಂತ ಒಳ್ಳೆಯ ಆಟ ಮಾಡಲಾರೆನೇ ಎಂಬ ಜಂಬವೂ ಸ್ವಲ್ಪ ಇತ್ತೆನ್ನಿ.

ಕನ್ನಡದ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಒಂದೊಂದು ವ್ಯಂಜನಕ್ಕೂ ಒಂದೊಂದು ಸ್ವರ ಕೂಡಿಸುತ್ತ ಹೋದರೆ 442 ಗುಣಿತಾಕ್ಷರ. ಒತ್ತಕ್ಷರಗಳ ಲೆಕ್ಕ ಬೇರೆ. ಅಷ್ಟು ಚೀಟಿ ಕತ್ತರಿಸಬೇಕಾದರೆ ಮುಂಬ್ರಾದ ಕನ್ನಡಿಗರೆಲ್ಲ ಇನ್ನೊಮ್ಮೆ ಮದುವೆಯಾಗಬೇಕಾದೀತು. ಆದ್ದರಿಂದ ಅಕ್ಷರಗಳಿಗೆ ಬೇರೆ ಚೀಟಿ, ತಲೆಕಟ್ಟು, ಇಳಿ, ಗುಡಿಸು, ಕೊಂಬುಗಳಿಗೆ ಬೇರೆ ಚೀಟಿ ಮಾಡಿದೆ. ಜೋಡಿಸಿ ಪದ ಮಾಡಬೇಕು. ನಿಯಮಗಳನ್ನು ಎರಡು ಪುಟ ಬರೆದೆ. ನನಗೇ ಓದಿ ಮೆಚ್ಚುಗೆಯಾಯಿತು.

ಮೊದಲ ಭಾನುವಾರದ ಕಥೆ ಏನು ಹೇಳಲಿ! ಎರಡು ಪುಟದ ನಿಯಮ ಓದಿ ಮುಗಿಸುವಷ್ಟರಲ್ಲಿ ಒಬ್ಬ ಹುಡುಗ ಚೀಟಿಗಳಿಂದ ಮನೆ ಕಟ್ಟಿದ್ದ. ಮುಕ್ಕಾಲು ಗಂಟೆಯಲ್ಲಿ ಆದ ಪದಗಳು ಮೂರು, ಅದರಲ್ಲಿ ಎರಡು ನಾನೇ ಹೇಳಿಕೊಟ್ಟದ್ದು. ಗುಡಿಸಿನ ಚೀಟಿಯನ್ನು ‘ಕ’ದ ಪಕ್ಕ ಇಟ್ಟರೆ ಅದು ‘ಕಿ’ಯಂತೆ ಕಾಣದೆ ‘ಕ’ದ ಪಕ್ಕ ಬಿದ್ದ ಕೊಕ್ಕೆಯಂತೆ ಕಾಣುತ್ತಿತ್ತು. ಕೊನೆಗೆ ನನ್ನ ಮೊಮ್ಮಗಳು ಮೆಲ್ಲಗೆ, ‘ಅಜ್ಜ, ಇದರಲ್ಲಿ ಪಾಸಾಗಲಿಕ್ಕೆ ಎಷ್ಟು ಮಾರ್ಕ್ಸು ಬೇಕು?’ ಎಂದು ಕೇಳಿದಳು. ಆಟ ಹೇಗಿತ್ತು ಮಕ್ಕಳೇ ಎಂದು ನಾನು ಕೇಳಿದ್ದಕ್ಕೆ ಎಲ್ಲರೂ ಒಕ್ಕೊರಲಿನಿಂದ ‘ಚೆನ್ನಾಗಿತ್ತು ಅಜ್ಜ’ ಎಂದು ಬಿಸ್ಕೀಟು ತೆಗೆದುಕೊಂಡು ಹೋದರು. ಮುಂದಿನ ಭಾನುವಾರ ಬಂದವರು ಮೂವರು.

ನನ್ನ ಮಗ ಐರೋಲಿಯ ಒಂದು ಕಂಪ್ಯೂಟರ್ ಕಂಪೆನಿಯಲ್ಲಿದ್ದಾನೆ. ರಾತ್ರಿ ಊಟದ ಹೊತ್ತಿಗೆ ನನ್ನ ಗೋಳು ಕೇಳಿ ನಕ್ಕ. ‘ಅಪ್ಪ, ನಮ್ಮಲ್ಲಿ ಏನನ್ನಾದರೂ ಮಾಡಿದ ಮೇಲೆ ಅದನ್ನು ಹಿಂದೆಂದೂ ನೋಡದವರ ಕೈಗೆ ಕೊಡುತ್ತೇವೆ. ಮಾಡಿದವನು ಹಿಂದೆ ಕೂತು ನೋಡಬೇಕು, ಬಾಯಿ ಮಾತ್ರ ಬಿಡಬಾರದು. ಹೇಗಿತ್ತು ಎಂದು ಕೇಳಿದರೆ ಜನ ಮರ್ಯಾದೆಗೆ ಚೆನ್ನಾಗಿದೆ ಎನ್ನುತ್ತಾರೆ. ಕೈ ಎಲ್ಲಿ ತಡೆಯಿತು, ಕಣ್ಣು ಯಾವಾಗ ಕಿಟಕಿಯ ಕಡೆ ಹೋಯಿತು, ಅದನ್ನು ಬರೆದುಕೊಳ್ಳಿ. ಮತ್ತೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹತ್ತು ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ’ ಎಂದ. ನಲವತ್ತು ವರ್ಷ ಆಫೀಸಿನಲ್ಲಿ ಬಾಯಿ ಮುಚ್ಚಿ ಕುಳಿತವನಿಗೆ ಮನೆಯಲ್ಲೂ ಅದೇ ಶಿಕ್ಷೆಯೇ ಎಂದುಕೊಂಡೆ. ಆದರೂ ಮಾತು ತಲೆಯಲ್ಲಿ ನಿಂತಿತು.

ಸ್ಕ್ರಾಬಲ್ ಎಂಬ ಇಂಗ್ಲಿಷ್ ಪದಗಳ ಆಟ ಹುಟ್ಟಿದ ಕಥೆಯನ್ನೂ ಆಗಲೇ ಓದಿದ್ದು. 1930ರ ದಶಕದಲ್ಲಿ ಅಮೆರಿಕದಲ್ಲಿ ಕೆಲಸ ಕಳೆದುಕೊಂಡಿದ್ದ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ಅದನ್ನು ಮಾಡಿದವನು. ಯಾವ ಅಕ್ಷರ ಎಷ್ಟು ಬೇಕೆಂದು ತಿಳಿಯಲು ಆತ ವೃತ್ತಪತ್ರಿಕೆಯ ಪುಟಗಳಲ್ಲಿ ಅಕ್ಷರಗಳನ್ನು ಎಣಿಸಿದ. ‘ಇ’ 12 ಬಿಲ್ಲೆ, ‘ಕ್ಯೂ’ ಒಂದೇ ಬಿಲ್ಲೆ. ‘ಎಸ್’ ಎಷ್ಟು ಸಾಮಾನ್ಯವಾದ ಅಕ್ಷರವಾದರೂ ನಾಲ್ಕೇ ಇಟ್ಟದ್ದು. ಹೆಚ್ಚಾದರೆ ಎಲ್ಲ ಪದಕ್ಕೂ ಅದನ್ನು ಅಂಟಿಸಿ ಬಹುವಚನ ಮಾಡಿ ಆಟವನ್ನು ಸಪ್ಪೆ ಮಾಡುತ್ತಾರೆ. ಮೊದಮೊದಲು ಆ ಆಟಕ್ಕೆ ಮಣೆಯೇ ಇರಲಿಲ್ಲ. ಆಡಿಸಿ, ತಿದ್ದಿ, ಮತ್ತೆ ಆಡಿಸಿ, ಕಂಪೆನಿಗಳಿಂದ ಬೇಡವೆನಿಸಿಕೊಂಡು, 1948ರಲ್ಲಿ ಜೇಮ್ಸ್ ಬ್ರೂನೊ ಎಂಬವನ ಕೈಗೆ ಬಂದ ಮೇಲೆ ಅದಕ್ಕೆ ಈಗಿನ ಹೆಸರಾಯಿತು. ನಾನೋ ಒಂದೇ ಭಾನುವಾರಕ್ಕೆ ಮುಖ ಬಾಡಿಸಿ ಕುಳಿತಿದ್ದೆ!

ಸರಿ, ನಮ್ಮ ಸಂಘದ ಮಾಸಿಕದ ಹಳೆಯ ಸಂಚಿಕೆ ತೆಗೆದು ನಾನೂ ಎಣಿಸಿದೆ. ದ, ರ, ನ, ಲ, ತ, ಗಗಳು ಹೆಜ್ಜೆಹೆಜ್ಜೆಗೂ. ಛ, ಝ, ಢಗಳು ಅಪರೂಪದ ನೆಂಟರು. ಙ, ಞಗಳು ಒಂಟಿಯಾಗಿ ಮುಖವನ್ನೇ ತೋರಲಿಲ್ಲ. ಗುಡಿಸು ಕೊಂಬುಗಳ ಚೀಟಿ ತೆಗೆದುಹಾಕಿದೆ. ‘ಕ’ ಎಂಬ ಚೀಟಿ ಕ, ಕಾ, ಕಿ, ಕು ಯಾವುದಾದರೂ ಆಗಬಹುದು. ಒತ್ತಿಗೂ ಚೀಟಿ ಬೇಡ. ಆದರೆ ಪದವನ್ನು ಸ್ಲೇಟಿನ ಮೇಲೆ ಸರಿಯಾಗಿ ಬರೆದು ತೋರಿಸಬೇಕು. 90 ಚೀಟಿ, ಕೈಗೆ ಏಳೇಳು. ಮಣೆಯಾಗಿ ನಮ್ಮ ಲೋಕಲ್ ದಾರಿ: ಠಾಣೆಯಿಂದ ಹೊರಟು ಕಲವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ. ಸ್ಟೇಶನ್ನಿನ ಮೊದಲ ಅಕ್ಷರ ಪುಕ್ಕಟೆ. ಅದರಿಂದ ಶುರುವಾಗುವ ಪದ ಮಾಡಿದರೆ ಗಾಡಿ ಮುಂದೆ ಹೋಗುತ್ತದೆ. ಊರಿನ ಹೆಸರುಗಳನ್ನು ಪದವಾಗಿ ಹೇಳುವಂತಿಲ್ಲ. ನಿಯಮ ಆರೇ ಸಾಲು.

ಎರಡನೆಯ ಸಲ ನಾನು ಮೂಲೆಯಲ್ಲಿ ಕೂತು ಬಾಯಿಗೆ ಅಡಿಕೆ ಹಾಕಿಕೊಂಡೆ. ಮಕ್ಕಳು ತಾವಾಗಿಯೇ ಹೊರಟರು. ಮುಂಬ್ರಾದಲ್ಲಿ ಮನೆ, ಮಳೆ, ಮೀನು. ದಿವಾದಲ್ಲಿ ದೀಪ, ದನ. ಡೊಂಬಿವಲಿಯಲ್ಲೂ ಹೇಗೋ ಡಬ್ಬಿ, ಡೋಲು ಎಂದು ದಾಟಿದರು. ಠಾಕುರ್ಲಿಯಲ್ಲಿ ಆಟ ನಿಂತಿತು. ‘ಠ’ದಿಂದ ಶುರುವಾಗುವ ಪದ ಯಾರಿಗೂ ಹೊಳೆಯದು. ಒಬ್ಬ ಹುಡುಗ ‘ಠಾಣೆ’ ಎಂದ. ಊರ ಹೆಸರು ನಡೆಯದು ಎಂದು ಗದ್ದಲ. ಪೊಲೀಸ್ ಠಾಣೆ ಎಂದರೆ ಊರಲ್ಲ ಎಂದು ಅವನ ವಾದ. ನಾನು ನ್ಯಾಯ ಹೇಳಲು ಬಾಯಿ ತೆರೆದವನು ಮಗನ ಮಾತು ನೆನೆದು ಮುಚ್ಚಿದೆ. ಒಳ್ಳೆಯದೇ ಆಯಿತು. ಅವರೇ ಜಗಳವಾಡಿ, ಅವನ ಪದ ಒಪ್ಪಿ, ಅವನನ್ನು ಕಲ್ಯಾಣಕ್ಕೆ ಬಿಟ್ಟರು. ಉಳಿದವರು ಠಾಕುರ್ಲಿಯಲ್ಲೇ. ಆಗ ನನ್ನ ಮೊಮ್ಮಗ, ‘ಫಾಸ್ಟ್ ಲೋಕಲ್ ಠಾಕುರ್ಲಿಯಲ್ಲಿ ನಿಲ್ಲುವುದೇ ಇಲ್ಲ, ನಾನು ಫಾಸ್ಟಿನಲ್ಲಿದ್ದೇನೆ’ ಎಂದು ಕಾಯಿ ಎತ್ತಿ ದಾಟಿಸಿಬಿಟ್ಟ! ಮೊದಲಾಗಿದ್ದರೆ ಮೋಸ ಎಂದು ಗದರುತ್ತಿದ್ದೆ. ಈಗ ಬರೆದುಕೊಂಡೆ. ಮುಂದಿನ ವಾರ ಅದೇ ನಿಯಮವಾಯಿತು: ಕೈಯಲ್ಲಿನ ಎರಡು ಚೀಟಿ ಟಿಕೇಟಿಗೆ ಕೊಟ್ಟರೆ ಒಂದು ಸ್ಟೇಶನ್ ಬಿಟ್ಟು ಓಡಬಹುದು. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ಕಟ್ಟು ಎಷ್ಟೋ ಕಡೆ ಇದೆಯಲ್ಲ, ಅದೂ ಹೀಗೆಯೇ ಆಡುವವರ ಜಗಳದಿಂದ ಹುಟ್ಟಿದ್ದಿರಬೇಕು ಎಂದು ನನ್ನ ಊಹೆ.

ಇನ್ನೊಂದು ಸಂಗತಿಯನ್ನೂ ಕಂಡೆ. ಆರು ಮಕ್ಕಳು, ಒಬ್ಬೊಬ್ಬರಿಗೆ ಮೂರು ನಿಮಿಷ ಎಂದರೆ ಒಂದು ಸಲ ಆಡಿದವನು ಹದಿನೈದು ನಿಮಿಷ ಸುಮ್ಮನೆ ಕೂರಬೇಕು. ಬೇಸರ ಆಟದಲ್ಲಿರಲಿಲ್ಲ, ಆ ಹದಿನೈದು ನಿಮಿಷದಲ್ಲಿತ್ತು. ಎಲ್ಲರಿಗಿಂತ ಚಿಕ್ಕ ಹುಡುಗಿಯೊಬ್ಬಳು ಎರಡನೆಯ ಸುತ್ತಿಗೇ ಹಿಂದೆ ಬಿದ್ದು ಚೀಟಿಗಳನ್ನು ಫ್ರಾಕಿನ ಜೇಬಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತಳು. ಮನೆಯಲ್ಲಿ ಮರಾಠಿ ಹಿಂದಿ ಆಡುವ ಮಗು. ಅಕ್ಷರ ಕಲಿತಿದ್ದಾಳೆ, ಪದಗಳಿಲ್ಲ. ಅವಳಿಗೇ ಈ ಆಟ ಬೇಕಾಗಿತ್ತು, ಮೊದಲು ಎದ್ದವಳೂ ಅವಳೇ. ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಹಾಗೆಂದು ಇನ್ನಷ್ಟು ನಿಯಮ ಸೇರಿಸುವ ಚಪಲವೂ ಬಂದಿತ್ತು. ತಡೆದದ್ದು ಮೈಸೂರಿನ ನೆನಪು. ಮುಮ್ಮಡಿ ಕೃಷ್ಣರಾಜ ಒಡೆಯರಂಥ ಆಟಪ್ರಿಯ ದೊರೆ ನಮ್ಮ ನಾಡಿನಲ್ಲಿ ಇನ್ನೊಬ್ಬರಿಲ್ಲ. ಚದುರಂಗ, ಪಗಡೆಯ ಬಗೆಗಳು, ಗಂಜೀಫಾ ಎಲೆಗಳು, ಎಲ್ಲವನ್ನೂ ತಾವೇ ಹೊಸದಾಗಿ ಕಲ್ಪಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯ ಕೌತುಕನಿಧಿಯಲ್ಲಿ ಆಟಗಳಿಗೆ ಜಾಗವಿದೆ. ಅವರು ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಪಟಗಳನ್ನು ಬರೆಸಿದ್ದಾರೆ. ಅವರ ಗಂಜೀಫಾ ಆಟಗಳಲ್ಲಿ 360 ಎಲೆಗಳ ಆಟವೂ ಉಂಟು! ಅಂಥ ಪ್ರತಿಭೆಯ ಮುಂದೆ ನಾನಾರು? ಆದರೂ ಆ ಎಲೆಗಳನ್ನು ಯಾರ ಮನೆಯ ಜಗಲಿಯಲ್ಲಿಯೂ ಆಡುವುದನ್ನು ನಾನು ಕಂಡಿಲ್ಲ. ಅಕ್ಷರ ಬಾರದ ನನ್ನಜ್ಜಿಯ ಚೆನ್ನೆಮಣೆ ಇಂದಿಗೂ ಊರಲ್ಲಿ ಆಟಿ ತಿಂಗಳಲ್ಲಿ ಅಟ್ಟದಿಂದ ಕೆಳಗಿಳಿಯುತ್ತದೆ. ಅಜ್ಜಿ ನಮಗೆ ನಿಯಮ ಹೇಳಿದ್ದೇ ನೆನಪಿಲ್ಲ. ಎದುರು ಕೂರಿಸಿಕೊಂಡು ಆಡುತ್ತಿದ್ದಳು, ತಪ್ಪಿದರೆ ಕೈ ಹಿಡಿಯುತ್ತಿದ್ದಳು.

ಎದುರು ಕೂರಿಸಿಕೊಂಡು! ಹಾಸಿಗೆಯಲ್ಲಿ ಎದ್ದು ಕುಳಿತೆ. ನಮ್ಮ ಆಟದಲ್ಲಿ ಮಕ್ಕಳೆದುರು ಮಕ್ಕಳೇ ಇದ್ದರು. ಪದ ಗೊತ್ತಿರುವವರು ಅಡಿಗೆಮನೆಯಲ್ಲಿ ಚಹಾ ಮಾಡುತ್ತಿದ್ದರು.

ಮುಂದಿನ ಭಾನುವಾರದ ಬದಲಾವಣೆ ಒಂದೇ: ಒಂದು ಮಗು, ಒಬ್ಬರು ಹಿರಿಯರು, ಹೀಗೆ ಜೋಡಿ. ಜೋಡಿಗಳು ಮೂರು, ಕಾಯುವ ಹೊತ್ತೂ ಅಷ್ಟಕ್ಕಷ್ಟೇ ಇಳಿಯಿತು, ಆ ಹೊತ್ತಿನಲ್ಲಿ ಜೋಡಿಗೆ ಗುಸುಗುಸು ಮಾತಾಡಲು ಕೆಲಸವೂ ಸಿಕ್ಕಿತು. ಚಿಕ್ಕ ಹುಡುಗಿಯ ಪಾಲಿಗೆ ಬಂದವರು ಕಲಬುರಗಿ ಕಡೆಯ ಒಬ್ಬ ಅಜ್ಜಿ. ಮಗನ ಮನೆಗೆ ಬಂದು ವರ್ಷಗಳಾದರೂ ಶಾಲೆಯ ಮೆಟ್ಟಿಲು ಹತ್ತದ ಆಕೆ ಸ್ಟೇಶನ್ನಿನ ಹೆಸರನ್ನೂ ಓದಲಾರರು. ‘ನನಗ ಅಕ್ಷರ ಬರಂಗಿಲ್ರೀ’ ಎಂದು ಹಿಂಜರಿದರು. ಕೊನೆಯ ಸ್ಟೇಶನ್ ಕಲ್ಯಾಣ ಎಂದಾಗ ಮಾತ್ರ, ‘ಬಸವಣ್ಣನ ಕಲ್ಯಾಣ ಏನು?’ ಎಂದು ಮುಖ ಅರಳಿಸಿ ಕೂತರು. ಅಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಹುಡುಗಿ ಅಕ್ಷರ ಓದುವಳು, ಅಜ್ಜಿ ಪದ ಹುಡುಕುವರು, ಹುಡುಗಿ ಸ್ಲೇಟಿನಲ್ಲಿ ಬರೆಯುವಳು. ಠಾಕುರ್ಲಿ ಬಂತು. ಉಳಿದೆರಡು ಜೋಡಿಗಳು ಆಗಲೇ ಟಿಕೇಟು ಕೊಟ್ಟು ಫಾಸ್ಟ್ ಹತ್ತಿದ್ದವು. ಆ ಸ್ಟೇಶನನ್ನೇ ಅಳಿಸಿಬಿಡುವುದೆಂದು ನಾನು ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದೆ. ಹುಡುಗಿ, ‘ಠ ಅಜ್ಜಿ, ಠ’ ಎಂದು ಅವರ ತೋಳು ಅಲುಗಿಸಿದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಠಿಕಾಣಿ ಅಂತಾರಲ್ಲ ತಂಗಿ? ನಾವೆಲ್ಲ ಇಲ್ಲಿ ಬಂದು ಠಿಕಾಣಿ ಹೂಡೀವಲ್ಲ, ಅದು’ ಎಂದರು. ಹುಡುಗಿ ಚೀಟಿ ತಿರುವಿದಳು. ‘ಕ’ ಇತ್ತು, ‘ಣ’ವೂ ಇತ್ತು! ನಾಲಿಗೆ ಹೊರಗಿಟ್ಟುಕೊಂಡು ಬರೆದು, ಸ್ಲೇಟನ್ನು ಮೊದಲು ತೋರಿಸಿದ್ದು ಅಜ್ಜಿಗೇ. ಅವರು ಓದಲಾರರೆಂಬುದು ಅವಳಿಗೆ ಮರೆತೇಹೋಗಿತ್ತು. ಅಜ್ಜಿ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು, ‘ಇದು ಠಿ ಏನು? ಇದು ಕಾ?’ ಎಂದು ಕೇಳುತ್ತ ಹೋದರು. ಆ ದಿನ ಗೆದ್ದವರು ಯಾರೆಂದು ನನಗೆ ನೆನಪಿಲ್ಲ. ಠಾಕುರ್ಲಿಯನ್ನು ಅಳಿಸಲಿಲ್ಲ.

ಇದರಿಂದ ಮುಂಬ್ರಾದಲ್ಲಿ ಕನ್ನಡ ಉದ್ಧಾರವಾಯಿತೆಂದು ನಾನು ಹೇಳಲಾರೆ. ನನ್ನ ಮೊಮ್ಮಗ ಈಗಲೂ ಮೆಟ್ಟಿಲಿನಲ್ಲಿ ಗೆಳೆಯರೊಡನೆ ಹಿಂದಿಯನ್ನೇ ಆಡುತ್ತಾನೆ. ಆದರೆ ಭಾನುವಾರ ಏಳು ಮಕ್ಕಳು ಬರುತ್ತಿದ್ದಾರೆ, ಅವರೊಡನೆ ಐದಾರು ಮಂದಿ ಹಿರಿಯರು. ಆಟ ಮುಗಿದ ಮೇಲೆ ಕಾಗುಣಿತಕ್ಕೂ ಅರ್ಧ ಗಂಟೆ ಕೂರುತ್ತಾರೆ. ಬರೆಯಲು ಬಾರದೆ ಪದ ತಪ್ಪಿದವನಿಗೆ ಅದರ ಅಗತ್ಯವನ್ನು ಯಾರೂ ಹೇಳಬೇಕಾಗಿಲ್ಲ. ಕಲಬುರಗಿಯ ಅಜ್ಜಿ ತಮ್ಮ ಹೆಸರಿನ ಮೊದಲೆರಡು ಅಕ್ಷರ ಬರೆಯುತ್ತಾರೆ.

ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಓದುಗರು ಇದನ್ನು ತಮ್ಮ ಮನೆಯಲ್ಲಿ ಆಡಿ ನೋಡಬೇಕೆಂದು ನನ್ನ ವಿನಂತಿ. ಹಳೆಯ ಮದುವೆ ಕಾಗದ, ಒಂದು ಸ್ಲೇಟು, ಒಬ್ಬ ಅಜ್ಜ ಅಥವಾ ಅಜ್ಜಿ ಇದ್ದರೆ ಸಾಕು. ವಾಶಿಯ ಕಡೆಯವರು ತಮ್ಮ ಹಾರ್ಬರ್ ಲೈನಿನ ಸ್ಟೇಶನುಗಳನ್ನು ಹಾಕಿಕೊಳ್ಳಲಿ. ನನ್ನ ಆರು ಸಾಲಿನ ನಿಯಮ ಹಾಗೆಯೇ ಇರಬೇಕೆಂಬ ಹಟವಿಲ್ಲ. ಮಕ್ಕಳು ಎಲ್ಲಿ ಮೋಸ ಮಾಡಿದರು, ಎಲ್ಲಿ ಎದ್ದು ಹೋದರು ಎಂಬುದನ್ನು ಮಾತ್ರ ಸಂಘದ ವಿಳಾಸಕ್ಕೆ ಬರೆದು ತಿಳಿಸಿದರೆ ಉಪಕಾರವಾದೀತು. ಕತ್ತರಿ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ.