ಯಾರೂ ಇಲ್ಲದ ನೇತ್ರಾಣಿ

ಜನ ಕಾಲಿಡದಿದ್ದರೆ ಕಾಡುಜೀವಿಗಳು ತಾವಾಗಿಯೇ ಉಳಿಯುತ್ತವೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದಲ್ಲಿ ಒಂದು ಮನೆಯೂ ಇಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದು ಅಲ್ಲಿನ ಎತ್ತರದ ಮರಗಳಲ್ಲಿ ಕಡ್ಡಿ ಒಟ್ಟಿ ಗೂಡು ಕಟ್ಟುತ್ತದೆ. ಬಂಡೆಯ ಬುಡದ ನೀರಿನಲ್ಲಿ ಹವಳ, ಗಿಳಿಮೀನು. ಆದರೂ ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿ ಮಾಡಿಕೊಂಡದ್ದು ಅದನ್ನೇ. ಜನ ಇಲ್ಲದಿದ್ದರೆ ಕೇಳುವವರೂ ಇಲ್ಲ.

ಇತ್ತ ನಮ್ಮ ಬೆಸಗರಹಳ್ಳಿ ಇರುವ ಮದ್ದೂರು ತಾಲ್ಲೂಕಿನಲ್ಲೇ ಕೊಕ್ಕರೆ ಬೆಳ್ಳೂರಿದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಮಗ್ಗುಲಿನ ಹುಣಸೆಮರದಲ್ಲೇ ಮರಿ ಮಾಡುತ್ತವೆ, ಹಿಕ್ಕೆ ಹೊಲಕ್ಕೆ ಗೊಬ್ಬರ. 2007ರಲ್ಲಿ ಅದು ಸಮುದಾಯ ಮೀಸಲು ಆಗುವುದಕ್ಕೆ ಎಷ್ಟೋ ಮೊದಲಿನಿಂದ ಊರವರೇ ಕಾದುಕೊಂಡು ಬಂದಿದ್ದಾರೆ. ಕಡಲ ಹದ್ದಿಗೆ ಏಕಾಂತ ಬೇಕು, ಹೋಲಿಕೆ ಸಲ್ಲದು ಎನ್ನಬಹುದು. ಸರಿಯೇ, ಆದರೆ ಆ ಏಕಾಂತವನ್ನೂ ಯಾರಾದರೂ ಕಾಯಬೇಕಲ್ಲ? ಸೇನೆಗೆ ಅಭ್ಯಾಸ ಬೇಡವೆಂದಲ್ಲ. ಗುರಿಗೆ ತೇಲುವ ಹಲಗೆಯೂ ಆದೀತು. ನೇತ್ರಾಣಿಯ ಮೇಲೆ ಮತ್ತೆ ಗುಂಡು ಬೀಳದಿರಲಿ; ಗೂಡಿನ ಕಾಲದಲ್ಲಿ ಪ್ರವಾಸಿ ದೋಣಿಯೂ ಹತ್ತಿರ ಸುಳಿಯದಿರಲಿ.