ಅಣ್ಣನ ಪೈಪ್ ಲೈಟರು

ಕಳೆದ ವಾರ ಅಮೆರಿಕದ ಮಿನೆಸೋಟಾದಿಂದ ನನ್ನ ಅಣ್ಣನ ಮಗ ದೂರವಾಣಿ ಮಾಡಿದ್ದ. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಚಿಕ್ಕಪ್ಪಾ, ಅಪ್ಪನ ಲೈಟರಿಗೆ ಯಾವ ಗ್ಯಾಸ್ ತುಂಬಬೇಕು? ಇಲ್ಲಿನ ಅಂಗಡಿಯಲ್ಲಿ ಏಳೆಂಟು ತರಹದ ಡಬ್ಬಿಗಳಿವೆ" ಎಂದು ಕೇಳಿದ. ಅವನಿಗೆ ಧೂಮಪಾನದ ಚಟವಿಲ್ಲ. ಪುಷ್ಯಮಾಸದಲ್ಲಿ ಬರುವ ತಂದೆಯ ತಿಥಿಯಂದು ಆ ಲೈಟರಿನಿಂದಲೇ ದೀಪ ಹಚ್ಚಬೇಕೆಂಬುದು ಅವನ ಆಸೆ. ಫೋನಿನಲ್ಲಿ ಅವನಿಗೆ ಅರ್ಧ ಉತ್ತರವನ್ನಷ್ಟೇ ಕೊಟ್ಟೆ. ಉಳಿದರ್ಧದಲ್ಲಿ ಮೂವತ್ತು ವರ್ಷಗಳಿಂದ ಮನೆಯವರಾರಿಗೂ ಹೇಳದ ಸಂಗತಿಯೊಂದಿದೆ. ಅದನ್ನು ಇಲ್ಲಿಯೇ ಬರೆದುಬಿಡುತ್ತೇನೆ.

ನಾವು ಚಿಕ್ಕವರಿದ್ದಾಗ ರಾಂಪುರದ ಸುತ್ತಿನ ಕುರಿಗಾಹಿಗಳ ಸೊಂಟದಲ್ಲಿ ಚಕಮಕಿಯ ಚೀಲವಿರುತ್ತಿತ್ತು. ಒಂದು ಉಕ್ಕಿನ ತುಂಡು, ಒಂದು ಬೆಣಚುಕಲ್ಲು, ಒಂದಿಷ್ಟು ಬೂರುಗದ ಅರಳೆ. ಬಯಲಿನ ಗಾಳಿಯಲ್ಲಿ ಬೆಂಕಿಕಡ್ಡಿ ನಿಲ್ಲದು. ಅರಳೆಗೆ ಹತ್ತಿದ ಕಿಡಿಯಾದರೋ ಗಾಳಿ ಬೀಸಿದಷ್ಟೂ ಕೆಂಪೇರುವುದು. ಅದನ್ನು ಅಣ್ಣ ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದ. ಮುಂದೆ ಅವನು ಸಂಡೂರಿನ ಅದಿರು ಗಣಿಯಲ್ಲಿ ಕೆಲಸಕ್ಕೆ ಸೇರಿದ, ಅಲ್ಲಿಯ ಹಿರಿಯ ಎಂಜಿನಿಯರರೊಬ್ಬರಿಂದ ಪೈಪು ಸೇದುವುದನ್ನು ಕಲಿತ. ನಮ್ಮ ಅವ್ವನಿಗೆ ಇದು ಬೀಡಿಗಿಂತ ಘನತೆಯ ಚಟವೆಂದು ತೋರಿತೋ ಏನೋ, ಬೈಗುಳ ಸ್ವಲ್ಪ ಕಡಿಮೆಯಾಯಿತು.

ಪೈಪಿನ ಲೈಟರು ಸಾಮಾನ್ಯ ಲೈಟರಿನಂತಲ್ಲ. ಅದರ ಜ್ವಾಲೆ ಓರೆಯಾಗಿ ಹೊರಡುತ್ತದೆ. ಬಟ್ಟಲಿನೊಳಗಿನ ತಂಬಾಕಿಗೆ ಬೆಂಕಿ ತಾಗಬೇಕು, ಬೆರಳು ಸುಡಬಾರದು. ಚಕ್ರ ತಿರುಗಿಸಿದಾಗ ಕಿಡಿ ಕೊಡುವ 'ಕಲ್ಲು' ನಿಜವಾಗಿ ಕಲ್ಲಲ್ಲ. ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಪೇಟೆಂಟ್ ಪಡೆದ, ಸೀರಿಯಂ ಮತ್ತು ಕಬ್ಬಿಣ ಬೆರೆತ ಮಿಶ್ರಲೋಹ. ಪೆಟ್ರೋಲಿನ ಜಾತಿಯ ದ್ರವ ತುಂಬುವ ಲೈಟರುಗಳೂ ಇದ್ದವು. ಆದರೆ ಆ ವಾಸನೆ ತಂಬಾಕಿಗೆ ಅಂಟುತ್ತದೆಂದು ಅಣ್ಣ ಅವನ್ನು ಮುಟ್ಟುತ್ತಿರಲಿಲ್ಲ. ಶುದ್ಧ ಬ್ಯೂಟೇನಿಗೆ ಅಂಥ ದೋಷವಿಲ್ಲ.

1994ರ ಬೇಸಿಗೆಯಲ್ಲಿ ಊರಿಗೆ ಬಂದ ಅಣ್ಣ, ಲೈಟರನ್ನು ನನ್ನ ಕೈಗಿತ್ತು, "ಬಳ್ಳಾರಿಗೆ ಹೋದಾಗ ಡಬ್ಬಿಯ ಗ್ಯಾಸ್ ತುಂಬಿಸಿಕೊಂಡು ಬಾರಪ್ಪ" ಎಂದ. ನಾನು ಬಳ್ಳಾರಿಗೆ ಹೋಗಲಿಲ್ಲ. ಬಸ್ ನಿಲ್ದಾಣದ ಬಳಿಯ ಪೆಟ್ಟಿಗೆ ಅಂಗಡಿಯಲ್ಲಿ ಎರಡು ರೂಪಾಯಿಗೆ ಲೈಟರು ತುಂಬಿಕೊಡುತ್ತಿದ್ದರು. ಅಲ್ಲಿ ಕುಳಿತಿದ್ದ ಹುಡುಗ ಹಿಂದಿನ ವರ್ಷವಷ್ಟೇ ನನ್ನ ತರಗತಿಯಿಂದ ಹೊರಬಿದ್ದವನು. ಅವನು ತುಂಬುತ್ತಿದ್ದುದು ಚಿಕ್ಕ ಅಡುಗೆ ಸಿಲಿಂಡರಿನಿಂದ. ಅದು ನನ್ನ ಕಣ್ಣಿಗೆ ಬಿತ್ತು. ಬಿದ್ದೂ ಸುಮ್ಮನೆ ನಿಂತೆ.

ಅಡುಗೆ ಅನಿಲವೆಂದರೆ ಪ್ರೊಪೇನ್ ಮತ್ತು ಬ್ಯೂಟೇನುಗಳ ಮಿಶ್ರಣ. 20 ಡಿಗ್ರಿ ಉಷ್ಣತೆಯಲ್ಲಿ ಬ್ಯೂಟೇನಿನ ಒತ್ತಡ ವಾಯುಮಂಡಲದ ಸುಮಾರು ಎರಡರಷ್ಟು, ಪ್ರೊಪೇನಿನದು ಎಂಟರಷ್ಟು. ನಮ್ಮ ಬೇಸಿಗೆಯಲ್ಲಿ ಎರಡೂ ಇನ್ನಷ್ಟು ಏರುತ್ತವೆ. ಲೈಟರಿನ ಪುಟ್ಟ ತೊಟ್ಟಿಯನ್ನೂ ಅದರ ರಬ್ಬರ್ ವಾಷರನ್ನೂ ಮಾಡಿರುವುದು ಬ್ಯೂಟೇನಿಗಾಗಿ. ಇದನ್ನೆಲ್ಲ ಬಲ್ಲ ವಿಜ್ಞಾನದ ಮೇಷ್ಟ್ರು ಎರಡು ರೂಪಾಯಿ ಹಿಡಿದು ಅಲ್ಲಿ ನಿಂತಿದ್ದ. ತುಂಬಿದ ಮೇಲೆ ವಾಷರಿನ ಸುತ್ತ ಅನಿಲ ಸೋರುತ್ತಿತ್ತು. ಹುಡುಗ ನನಗೆ ತೋರಿಸಲೆಂದು ಚಕ್ರ ತಿರುಗಿಸಿದ. ಭಗ್ಗೆಂದು ಹತ್ತಿಕೊಂಡಿತು. ಹುಬ್ಬು ಸುಟ್ಟಿತು, ಬಲಗೈಯ ಅಂಗೈ ಬೆಂದಿತು. ಪಕ್ಕದ ಹೋಟೆಲಿನವರು ಒದ್ದೆ ಗೋಣಿಚೀಲ ಹೊದಿಸಿ, ಸಿಲಿಂಡರಿನ ಕೀಲಿ ತಿರುಗಿಸಿದ್ದರಿಂದ ಅಷ್ಟಕ್ಕೇ ಮುಗಿಯಿತು. ಎರಡು ತಿಂಗಳು ಅವನ ಔಷಧದ ಖರ್ಚು ಕೊಟ್ಟೆ. ಅಣ್ಣನಿಗೆ ಮಾತ್ರ, "ವಾಷರ್ ಹೋಗಿತ್ತು, ಹಾಕಿಸಿದೆ" ಎಂದಷ್ಟೇ ಹೇಳಿದೆ. ಆ ವಾಷರನ್ನು ಹಾಕಿಕೊಟ್ಟವನೂ ಅದೇ ಹುಡುಗನೇ, ಕೈಗೆ ಪಟ್ಟಿ ಕಟ್ಟಿಕೊಂಡು. ಮುಂದಿನ ವರ್ಷದಿಂದ ಅನಿಲಗಳ ಪಾಠ ಬಂದಾಗಲೆಲ್ಲ ಪುಸ್ತಕದಲ್ಲಿಲ್ಲದ ಒಂದು ಅವಧಿಯನ್ನು ನಾನು ಸೇರಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಏಕೆಂದು ಹೇಳಿರಲಿಲ್ಲ.

ಈಗ ಮಗನ ಪ್ರಶ್ನೆಗೆ ಬರುತ್ತೇನೆ. ಡಬ್ಬಿಯ ಮೇಲೆ 'ಐದು ಸಲ ಶುದ್ಧೀಕರಿಸಿದ್ದು', 'ಒಂಬತ್ತು ಸಲ ಶುದ್ಧೀಕರಿಸಿದ್ದು' ಎಂದೆಲ್ಲ ಬರೆದಿದೆಯಂತೆ. ಆ ಅಂಕಿಗಳಿಗೆ ಮರುಳಾಗಬೇಡ. ಮನೆಯ ಹೊರಗೆ, ಬೆಂಕಿಯ ಸುಳಿವಿಲ್ಲದ ಕಡೆ, ಒಣಗಿದ ಕನ್ನಡಿಯ ಮೇಲೆ ಚೂರು ಅನಿಲ ಸಿಂಪಡಿಸಿ ನೋಡು. ಆರಿದ ಮೇಲೆ ಜಿಡ್ಡಿನ ಕಲೆ ಉಳಿದರೆ ಆ ಡಬ್ಬಿ ಬೇಡ. ಅದೇ ಜಿಡ್ಡು ಲೈಟರಿನ ಸೂಜಿರಂಧ್ರವನ್ನು ಮುಚ್ಚುತ್ತದೆ. ಒಲೆಗೆಂದು ಪ್ರೊಪೇನ್ ಬೆರೆಸಿದ ಡಬ್ಬಿಗಳೂ ಬೇಡವೇ ಬೇಡ. ನಿಮ್ಮ ಊರಿನ ಚಳಿಯಲ್ಲಿ ಇನ್ನೊಂದು ತೊಡಕಿದೆ. ಸಾಧಾರಣ ಬ್ಯೂಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಕುದಿಯುತ್ತದೆ, ಐಸೊಬ್ಯೂಟೇನ್ ಸುಮಾರು ಹನ್ನೆರಡು ಡಿಗ್ರಿ ಕೆಳಗೆ. ಕಾರಿನಲ್ಲಿಟ್ಟ ಲೈಟರು ಹತ್ತದಿದ್ದರೆ ಕೆಟ್ಟಿತೆಂದುಕೊಳ್ಳಬೇಡ, ಒಳಗಿನ ಜೇಬಿನಲ್ಲಿಟ್ಟು ಬೆಚ್ಚಗಾಗಿಸು.

ತುಂಬುವ ಮೊದಲು ಕವಾಟವನ್ನು ಸಣ್ಣ ತಿರುಪುಳಿಯಿಂದ ಒತ್ತಿ ಹಳೆಯ ಗಾಳಿಯನ್ನು ಹೊರಬಿಡು. ಲೈಟರನ್ನು ತಲೆಕೆಳಗು ಹಿಡಿದು, ಡಬ್ಬಿಯ ಮೂತಿಯನ್ನು ಮೇಲಿನಿಂದ ನೇರವಾಗಿ ಒತ್ತು. ತುಂಬಿದೊಡನೆ ಹಚ್ಚಬಾರದು. ಬ್ಯೂಟೇನ್ ಗಾಳಿಗಿಂತ ಎರಡು ಪಟ್ಟು ಭಾರ. ನೆಲದ ಮೇಲೆ ಹರಿದು ದೇವರ ಮನೆಯ ದೀಪದವರೆಗೂ ಹೋಗಬಲ್ಲದು. ಕಿಟಕಿ ತೆರೆದು ಹತ್ತು ನಿಮಿಷ ಕಾಯಬೇಕು.

ಅಂದ ಹಾಗೆ, ಇಪ್ಪತ್ತು ರೂಪಾಯಿಗಿಂತ ಅಗ್ಗದ ಲೈಟರುಗಳ ಆಮದನ್ನು ನಮ್ಮ ಸರ್ಕಾರ 2023ರಲ್ಲಿ ನಿಷೇಧಿಸಿತು. ಶಿವಕಾಶಿ, ಕೋವಿಲ್‌ಪಟ್ಟಿಗಳ ಬೆಂಕಿಪೊಟ್ಟಣದವರಿಗೆ ಇದರಿಂದ ಉಸಿರು ಬಂದಂತಾಯಿತು.

ನಿನ್ನೆ ಸಂಜೆ ಆ ಹಳೆಯ ಶಿಷ್ಯನ ಅಂಗಡಿಗೆ ಹೋಗಿದ್ದೆ. ಈಗ ಅವನದು ಹೆದ್ದಾರಿಯ ಪಕ್ಕದಲ್ಲಿ ದಿನಸಿ ಅಂಗಡಿ. ಚಿಲ್ಲರೆ ಕೊಡುವಾಗ ಅಂಗೈಯ ಕಲೆ ಇನ್ನೂ ಕಾಣುತ್ತದೆ. ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. "ಬರೀರಿ ಸಾರ್, ನನ್ನ ಹೆಸರೊಂದು ಬೇಡ" ಎಂದ. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, "ಸಾರ್, ಆ ವಾಷರ್ ನಾನು ಹಾಕಿದ್ದೇ ಇದ್ರೆ ಇಷ್ಟೊತ್ತಿಗೆ ರಬ್ಬರ್ ಸೀಳಿರುತ್ತೆ. ಮೊದಲು ಅದನ್ನ ಬದಲಾಯಿಸೋಕೆ ಹೇಳ್ರಿ" ಎಂದ.

ಮಗನೇ, ಹೊಸ ವಾಷರು ಹಾಕಿಸುವವರೆಗೆ ಅದಕ್ಕೆ ಯಾವ ಅನಿಲವನ್ನೂ ತುಂಬಬೇಡ. ಈ ಸಲದ ತಿಥಿಗೆ ಬೆಂಕಿಕಡ್ಡಿಯಲ್ಲೇ ದೀಪ ಹಚ್ಚು.