ಗೋಡೆಯ ಹೊರಮೈ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದವರಿಲ್ಲ. ಆದರೆ ಕಟ್ಟಿದ ಮನೆಯನ್ನು ಕಾಪಾಡಿಕೊಳ್ಳುವ ಕಷ್ಟವನ್ನು ಆ ಗಾದೆ ಹೇಳುವುದಿಲ್ಲ. ಮಾಡು ಸೋರಿದರೆ ಕಣ್ಣಿಗೆ ಕಾಣುವುದು. ಗೋಡೆಯ ಕೇಡು ಕಾಣದೆಯೇ ಬೆಳೆಯುವುದು. ಬಿಸಿಲು ಮಳೆಗಳನ್ನು ಸಹಿಸಬೇಕಾದ ಹೊರಗೋಡೆಗೆ ಯಾವ ಹೊದಿಕೆಯು ತಕ್ಕುದು ಎಂಬುದನ್ನು ನಾವು ನಷ್ಟಪಟ್ಟು ಕಲಿತೆವು. ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕಿಯರು ಕೇಳಿದಾಗ, ಆ ಪಾಠವನ್ನೇ ಒಪ್ಪಿಸುವುದು ಮೇಲೆಂದು ತೋರಿತು. ಏಕೆಂದರೆ ನಮ್ಮ ಶಾಲೆಯಲ್ಲಿ ಓದಿದ ಸೋದರಿಯರಲ್ಲಿ ಹಲವರು ಇಂದು ಹಳೆಯ ಮನೆಗಳ ಒಡತಿಯರಾಗಿದ್ದಾರೆ.

ಗುಬ್ಬಿಯಲ್ಲಿರುವ ನಮ್ಮ ಮನೆಯು ಮಾವನವರ ತಂದೆಯ ಕಾಲದ್ದು. ಕೆಳಗೆ ಕಲ್ಲಿನ ತಳಪಾಯ, ಅದರ ಮೇಲೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮಾಡಿಗೆ ಮಂಗಳೂರು ಹೆಂಚು. ಅತ್ತೆಯವರು ಪ್ರತಿವರ್ಷ ಯುಗಾದಿಗೆ ಮುನ್ನ ಬಿರುಕುಗಳಿಗೆ ಮಣ್ಣು ಮೆತ್ತಿಸಿ ಸುಣ್ಣ ಬಳಿಸುತ್ತಿದ್ದರು. ವರ್ಷವರ್ಷವೂ ಬರುವ ಈ ಕೆಲಸವು ನಮಗೆ ಬೇಸರವಾಯಿತು. 2012ರಲ್ಲಿ ಕೈಯಲ್ಲಿ ಸ್ವಲ್ಪ ಹಣ ಕೂಡಿದಾಗ ಹೊರಗೋಡೆಗಳಿಗೆಲ್ಲ ಸಿಮೆಂಟಿನ ಗಾರೆ ಮಾಡಿಸಿ, ಅದರ ಮೇಲೆ ಮಳೆ ತಡೆಯುವ ಬಣ್ಣ ಹೊಡೆಸಲು ನಿಶ್ಚಯಿಸಿದೆವು. ಅತ್ತೆಯವರು ಒಂದೇ ಮಾತು ಹೇಳಿದರು: “ಮಣ್ಣಿನ ಬಾಯಿ ಕಟ್ಟಬೇಡ ತಾಯಿ, ಅದಕ್ಕೂ ಉಸಿರು ಬೇಕು.” ನಾವು ವಿಜ್ಞಾನ ಓದಿದವರು, ಅವರು ಅಕ್ಷರ ಕಲಿಯದವರು. ನಕ್ಕು ಸುಮ್ಮನಾದೆವು.

ಮೂರು ವರ್ಷ ಗೋಡೆಯು ಹೊಸ ಮನೆಯಂತೆಯೇ ಶೋಭಿಸಿತು. ಆಮೇಲೆ ಪಡುವಣ ಗೋಡೆಯ ಬುಡದಲ್ಲಿ ಬಣ್ಣವು ಬೊಕ್ಕೆಯೆದ್ದು, ಬಿಳಿಯ ಉಪ್ಪು ಹೊರಟಿತು. 2016ರಲ್ಲಿ ಮನೆಗೆ ಬೀಗರು ಬರುವವರಿದ್ದರು. ನಾವು ಆ ಬೊಕ್ಕೆಗಳನ್ನು ಕೆರೆಸಿ, ಒಳಗೇನಿದೆಯೆಂದು ನೋಡದೆ, ಮೇಲೆ ಮತ್ತೊಮ್ಮೆ ಬಣ್ಣ ಹೊಡೆಸಿದೆವು. 2017ರ ಅಕ್ಟೋಬರಿನ ಒಂದು ರಾತ್ರಿ, ಮಳೆ ಹಿಡಿದು ಬಿಡದೆ ಸುರಿಯುತ್ತಿದ್ದಾಗ, ಆ ಗೋಡೆಯ ಎಂಟು ಅಡಿಯ ಭಾಗವು ಒಳಮುಖವಾಗಿ ಕುಸಿಯಿತು. ಅತ್ತೆಯವರ ಮಂಚವಿದ್ದುದು ಅದರ ಪಕ್ಕದಲ್ಲಿ. ಮಳೆಯ ಸದ್ದಿಗೆ ನಿದ್ದೆ ಬಾರದೆ ಅವರು ನಡುಮನೆಗೆ ಬಂದು ಕುಳಿತಿದ್ದರು. ದೇವರ ದಯೆಯಿಂದ ಪ್ರಾಣ ಉಳಿಯಿತು. ಬೆಳಗ್ಗೆ ನೋಡಿದರೆ ಸಿಮೆಂಟಿನ ಗಾರೆಯು ಮಡಕೆಯ ಚೂರಿನಂತೆ ಗಟ್ಟಿಯಾಗಿಯೇ ಇದ್ದಿತು. ಒಳಗಿನ ಮಣ್ಣು ನಾದಿದ ಹಿಟ್ಟಿನಂತಾಗಿತ್ತು. ಅತ್ತೆಯವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚಿನ ದಂಡನೆಯಾಯಿತು.

ಕಾರಣವನ್ನು ಮುಂದೆ ತಿಳಿದವರಿಂದ ಕೇಳಿ ಅರಿತೆವು. ಮಣ್ಣಿನ ಗೋಡೆಯು ನೆಲದಿಂದಲೂ ಮಳೆಯಿಂದಲೂ ತೇವವನ್ನು ಹೀರುವುದು. ಬಿಸಿಲು ಬಂದಾಗ ಅದನ್ನು ಹೊರಕ್ಕೆ ಬಿಡುವುದು. ತೇವಕ್ಕೆ ಹಿಗ್ಗಿ, ಒಣಗಿದಾಗ ಕುಗ್ಗುವುದು ಅದರ ಸ್ವಭಾವ. ಸಿಮೆಂಟು ಕಠಿಣವಾದುದು, ಮಣ್ಣಿನೊಡನೆ ಹಿಗ್ಗಿ ಕುಗ್ಗಲಾರದು. ಆದುದರಿಂದ ಕೂದಲೆಳೆಯಂಥ ಬಿರುಕು ಬಿಡುವುದು. ಆ ಬಿರುಕಿನಲ್ಲಿ ನೀರು ಒಳಹೊಗುವುದು ಸುಲಭ. ಬಣ್ಣ ಬಳಿದ ಸಿಮೆಂಟನ್ನು ದಾಟಿ ಹೊರಬರುವುದು ಕಷ್ಟ. ಹೀಗೆ ನಾವು ರಕ್ಷೆಯೆಂದು ತೊಡಿಸಿದ ಕವಚವೇ ನೀರನ್ನು ಒಳಗೆ ಹಿಡಿದಿಟ್ಟು ಗೋಡೆಯ ಬುಡವನ್ನು ಕರಗಿಸಿತು.

ಗೋಡೆಯನ್ನು ಮತ್ತೆ ಎತ್ತಿಸುವ ಮೊದಲು, ಈ ಸಲ ಅವಸರಪಡದೆ ನಾಲ್ಕು ಮನೆಗಳನ್ನು ನೋಡಿಬಂದೆವು. ಕುಣಿಗಲಿನಲ್ಲಿ ನಮ್ಮ ಅಕ್ಕನ ಮನೆಯ ಹೊರಗೋಡೆಗಳು ಸೈಜು ಕಲ್ಲಿನವು. ಗಾರೆಯಿಲ್ಲ, ಬಣ್ಣವಿಲ್ಲ, ಕಲ್ಲುಗಳ ಸಂದನ್ನು ಮಾತ್ರ ತುಂಬಿದೆ. ಹುಲಿಯೂರುದುರ್ಗ, ದೇವರಾಯನದುರ್ಗ, ಮಧುಗಿರಿಗಳ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವೆಂದು ಭೂಗರ್ಭಶಾಸ್ತ್ರಜ್ಞರು ಹೇಳುತ್ತಾರೆ. ಅಂಥ ಕಲ್ಲಿಗೆ ನಮ್ಮ ಮಳೆ ಏನು ಲೆಕ್ಕ? ಆದರೆ ಬೇಸಗೆಯ ಹಗಲೆಲ್ಲ ಹೀರಿದ ಕಾವನ್ನು ಅದು ರಾತ್ರಿ ಮನೆಯೊಳಕ್ಕೆ ಬಿಡುವುದೆಂದು ಅಕ್ಕ ದೂರಿದಳು. ತುಮಕೂರಿನಲ್ಲಿ ನಮ್ಮ ಸಹಪಾಠಿಯೊಬ್ಬರ ಮನೆ ಸುಟ್ಟ ಇಟ್ಟಿಗೆಯದು, ಮೇಲೆ ಸಿಮೆಂಟಿನ ಗಾರೆ. ಇಪ್ಪತ್ತು ವರ್ಷವಾದರೂ ಎಲ್ಲಿಯೂ ಉದುರಿಲ್ಲ. ಗಟ್ಟಿಯಾದ ಇಟ್ಟಿಗೆಗೂ ಸಿಮೆಂಟಿಗೂ ಹೊಂದಿಕೆಯುಂಟು. ಆದುದರಿಂದ ಸಿಮೆಂಟನ್ನು ದೂಷಿಸುವುದು ನ್ಯಾಯವಲ್ಲ. ತಪ್ಪು ಜೋಡಿ ಮಾಡಿದವರು ನಾವು.

ಮಣ್ಣಿಗೆ ತಕ್ಕ ಸಂಗಾತಿ ಸುಣ್ಣವೇ ಎಂದು ಕೊನೆಗೆ ತೀರ್ಮಾನವಾಯಿತು. ಸುಣ್ಣದ ಕಲ್ಲನ್ನು ಸುಟ್ಟಾಗ ಹೊರಟುಹೋದ ಅಂಗಾರಾಮ್ಲ ವಾಯುವನ್ನು ಗೋಡೆಯ ಮೇಲಿನ ಗಾರೆಯು ಗಾಳಿಯಿಂದ ಮೆಲ್ಲಮೆಲ್ಲನೆ ಮರಳಿ ಪಡೆದು ಮತ್ತೆ ಕಲ್ಲಾಗುವುದು. ಆದರೂ ತೇವವು ಹಾದುಹೋಗಲು ಎಡೆಗೊಡುವುದು. ಇದು ಬಡವರ ಪದಾರ್ಥವೆಂದು ಹೀನೈಸಬಾರದು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದಲೇ ಕಟ್ಟಿದರು. ಈ ಕೆಲಸ ಬಲ್ಲ ಮುದುಕ ಮೇಸ್ತ್ರಿಯೊಬ್ಬರನ್ನು ಹುಡುಕಿ ಕರೆತಂದೆವು. ಅವರು ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ ಒಂದು ತಿಂಗಳು ಕೊಳೆಯಲಿಟ್ಟರು. ಅರಳುವ ಸುಣ್ಣ ಕುದಿದು ಸಿಡಿಯುವುದರಿಂದ ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಬಳಿಕ ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸಿ ಅರೆಸಿದರು. ತೆಳುವಾಗಿ ಪದರದ ಮೇಲೆ ಪದರ ಹಚ್ಚಿ, ಬಿಸಿಲು ಬೀಳದಂತೆ ಒದ್ದೆ ಗೋಣಿ ಕಟ್ಟಿದರು. ಸೂರನ್ನು ಒಂದೂವರೆ ಅಡಿ ಮುಂದಕ್ಕೆ ಚಾಚಿಸಿ, ಗೋಡೆಯ ಬುಡದ ನೀರು ಹರಿದುಹೋಗಲು ಚರಂಡಿ ತೆಗೆಸಿದರು. ಹೊದಿಕೆ ಎಷ್ಟೇ ಒಳ್ಳೆಯದಾದರೂ ಸೂರೂ ಚರಂಡಿಯೂ ಇಲ್ಲದಿದ್ದರೆ ಉಳಿಯದೆಂಬುದು ಅವರ ಸಿದ್ಧಾಂತ.

ಆ ದಿನಗಳಲ್ಲಿ ನಮಗೆ ಶಾಲೆಯ ಶಾಸ್ತ್ರಪಾಠವು ನೆನಪಿಗೆ ಬಂದಿತು. ಯೆಹೆಜ್ಕೇಲನ ಗ್ರಂಥದ 13ನೆಯ ಅಧ್ಯಾಯದಲ್ಲಿ, ಬಲವಿಲ್ಲದ ಗೋಡೆಗೆ ಸುಣ್ಣ ಬಳಿದು ಭದ್ರವೆಂದು ತೋರಿಸುವವರನ್ನು ಪ್ರವಾದಿಯು ಖಂಡಿಸುತ್ತಾನೆ. ಹುಡುಗಿಯಾಗಿದ್ದಾಗ ಅದನ್ನು ಬಾಯಿಪಾಠ ಮಾಡಿ ಅಂಕ ಪಡೆದಿದ್ದೆವು. ಆತನು ದೂಷಿಸಿದುದು ಸುಣ್ಣವನ್ನಲ್ಲ, ಮುಚ್ಚಿಡುವ ಬುದ್ಧಿಯನ್ನು ಎಂಬುದು ಅರ್ಥವಾಗಲು, ನಾವೇ ಬೀಗರ ಕಣ್ಣಿಗೆ ಅಂಜಿ ಬೊಕ್ಕೆಗಳ ಮೇಲೆ ಬಣ್ಣ ಹೊಡೆಸಬೇಕಾಯಿತು.

ಆದುದರಿಂದ ಮನೆಯ ಹೊರಮೈಯನ್ನು ಹೊಸದು ಮಾಡಿಸಲಿರುವ ಸೋದರಿಯರಿಗೂ ಪೋಷಕರಿಗೂ ನಮ್ಮ ವಿಜ್ಞಾಪನೆಯಿಷ್ಟೆ. ಅಂಗಡಿಯಲ್ಲಿ ಹೊದಿಕೆಯನ್ನು ಆರಿಸುವುದಕ್ಕೆ ಮೊದಲು, ಮೂಲೆಯಲ್ಲಿ ಒಂದು ಅಂಗೈಯಗಲ ಕೆರೆಸಿ, ಗೋಡೆ ಮಣ್ಣಿನದೋ, ಇಟ್ಟಿಗೆಯದೋ, ಕಲ್ಲಿನದೋ ನೋಡಿರಿ. ತೇವವಿದ್ದರೆ ಅದು ಎಲ್ಲಿಂದ ಬರುವುದೆಂದು ಹುಡುಕಿ, ಮೊದಲು ಅದನ್ನು ನಿಲ್ಲಿಸಿರಿ. ಗಟ್ಟಿಯಾದುದೆಲ್ಲ ಬಾಳಿಕೆಯದಲ್ಲ, ತನ್ನ ಹಿಂದಿರುವುದರೊಡನೆ ಹೊಂದಿಕೊಂಡು, ಕೆಟ್ಟಾಗ ತಿದ್ದಲು ಒದಗುವುದೇ ಬಾಳಿಕೆಯದು. ಮನೆಯಲ್ಲಿ ಹಿರಿಯರಿದ್ದರೆ ಅವರ ಮಾತನ್ನೂ ಕೇಳಿರಿ.

ಈಗ ಯುಗಾದಿಗೆ ಮುನ್ನ ಸುಣ್ಣ ಬಳಿಸುವ ಕೆಲಸ ನಮ್ಮದಾಗಿದೆ. ಶಾಲೆಯ ಹಳೆಯ ಕಟ್ಟಡದ ಗೋಡೆಗೊರಗಿ ನಿಂತು ಲಂಗದ ಬೆನ್ನೆಲ್ಲ ಬೆಳ್ಳಗೆ ಮಾಡಿಕೊಂಡು ಉಪಾಧ್ಯಾಯಿನಿಯರಿಂದ ಬೈಸಿಕೊಳ್ಳುತ್ತಿದ್ದವರು ನಾವು. ಈಗ ನಮ್ಮ ಮೊಮ್ಮಗಳು ಜಗಲಿಯಿಂದ ಹಾಗೆಯೇ ಬೆನ್ನು ಬೆಳ್ಳಗಾಗಿ ಬಂದರೆ ಬೈಯಲು ಬಾಯಿ ಬರುವುದಿಲ್ಲ.